ತಲೆದೂಗಿದವರೆಲ್ಲ ನಿನ್ನವರು

ಜಡ್ಜ್ ಸಾಹೇಬನೇ,

ಇವತ್ತು ಬೆಳಿಗ್ಗೆ ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು, ಎಂದಿನಂತೆ ಕೋರ್ಟುಗಳನ್ನು ಬೈಯುತ್ತಿದ್ದೆ. ವಕೀಲಿ ಬಿಟ್ಟ ಮೇಲೆ ನನಗೆ ಉಳಿದಿರುವ ಕೋರ್ಟ್ ಅದೊಂದೇ. "ತೀರ್ಪು ತಡ ಆದಷ್ಟೂ ಲಾಭ ತಪ್ಪು ಮಾಡಿದವನಿಗೇ," ಎಂದೆ. ಯಾರೂ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಟಿವಿಯಲ್ಲಿ ನೀನು ತೀರಿಕೊಂಡ ಸುದ್ದಿ ಬಂತು. "ಸ್ವಲ್ಪ ಸುಮ್ನಿರಿ ಸಾರ್," ಎಂದು ಕ್ಷೌರಿಕ ಸದ್ದು ಏರಿಸಿದ. ನಿನ್ನ ಹಳೆಯ ಭಾಷಣ ಹಾಕಿದ್ದರು. ನಾವಿಬ್ಬರೂ ಒಬ್ಬರೇ ಸೀನಿಯರ್ ಕೈಕೆಳಗೆ ಜೂನಿಯರ್‌ಗಳಾಗಿದ್ದಾಗ ನಾನು ಹೇಳುತ್ತಿದ್ದ, ಈಗಷ್ಟೇ ಇಲ್ಲೂ ಹೇಳಿದ್ದ ಅದೇ ಮಾತು, ನಿನ್ನ ಬಾಯಲ್ಲಿ. ಅಂಗಡಿಗೆ ಅಂಗಡಿಯೇ ತಲೆದೂಗಿತು.

"ಎಂಥ ಮಾತು ಹೇಳಿದ್ರು ನೋಡಿ!" ಎಂದ ಕ್ಷೌರಿಕ. ಹೊಟ್ಟೆ ಉರಿದುಹೋಯಿತು. ಸತ್ತವನ ಮೇಲೂ ಹೊಟ್ಟೆಕಿಚ್ಚು ಪಡಬಹುದೆಂದು ಇವತ್ತೇ ತಿಳಿದದ್ದು.

ಮನೆಗೆ ಬಂದರೆ ನನ್ನವಳ ಕಣ್ಣು ಕೆಂಪಗಿತ್ತು. ಅದೂ ನಿನಗಾಗಿ.

"ಹೋಗಿ ಮುಖ ನೋಡ್ಕೊಂಡು ಬರಲ್ವಾ?" ಎಂದಳು.

"ಅಲ್ಲಿ ಬೇಕಾದಷ್ಟು ಜನ ಇರ್ತಾರೆ. ನಾನು ಹೋಗ್ದಿದ್ರೆ ಯಾರಿಗೆ ಗೊತ್ತಾಗುತ್ತೆ?"

ಅವಳು ನನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಕುರ್ಚಿಯ ಮೇಲಿಟ್ಟಳು. ಅದನ್ನು ತೊಟ್ಟುಕೊಂಡೇ ಇದನ್ನು ಬರೆಯುತ್ತಾ ಕೂತಿದ್ದೇನೆ. ನಿನ್ನನ್ನು ಮಧ್ಯಾಹ್ನದವರೆಗೆ ಮಾತ್ರ ದರ್ಶನಕ್ಕೆ ಇಟ್ಟಿರುತ್ತಾರಂತೆ.