ತೆನ್ರಿ ತಾನೇ ಚಾಚಿದ ತೋಳು

ಪಾರೆಪಾರೆ
೧೪ ಆಗಸ್ಟ್

ತೆನ್ರಿಯ ಅಪ್ಪನಿಗೆ,

ನಾವು ಚೆನ್ನಾಗಿದ್ದೇವೆ. ಈದ್ ಮುಗಿಸಿ, ಜಗಳ ಮುಗಿಸದೆ ನೀವು ಹಡಗು ಹತ್ತಿದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದವಿದು. ನಿಮ್ಮ ಫೋನು ಅಂದಿನಿಂದ ಸತ್ತಿದೆ. ನೀವು ದುಡಿಯುವ ತವಾವಿನ ತೋಟದ ವಿಳಾಸ ಸಿಕ್ಕಿದ್ದು ಮೊನ್ನೆ, ಅಲ್ಲಿಂದ ಊರಿಗೆ ಬಂದ ಮಸ್ಸೆಯಿಂದ.

ಮಗಳ ವಿಷಯ ಹೇಳಬೇಕು. ಹೆಮ್ಮೆಯನ್ನು ಒಬ್ಬಳೇ ಇಟ್ಟುಕೊಳ್ಳಲು ನನ್ನಿಂದಾಗುತ್ತಿಲ್ಲ.

ಅವಳ ಕೀಲುನೋವಿಗೆ ಮಾತ್ರೆ ಸಾಲದೆ ಬಂತು. ಮಕಾಸ್ಸರಿನ ಡಾಕ್ಟರು ಹೊಸ ಇಂಜೆಕ್ಷನ್ ಬರೆದರು. ಆದರೆ ಅದು ಮೈಯ ಕಾವಲನ್ನೇ ಸಡಿಲ ಮಾಡುತ್ತದಂತೆ. ಒಳಗೆಲ್ಲಾದರೂ ಕ್ಷಯದ ರೋಗಾಣು ಮಲಗಿದ್ದರೆ ಎದ್ದುಬಿಡುತ್ತದಂತೆ. ಅದಕ್ಕೇ ಮೊದಲು ಪರೀಕ್ಷೆ ಎಂದು ಮುಂಗೈಯ ಚರ್ಮದಡಿ ಒಂದು ಹನಿ ಮದ್ದು ಚುಚ್ಚಿ, ಮೂರನೇ ದಿನ ಬಂದು ತೋರಿಸಲು ಹೇಳಿದರು.

ಮಾರನೆಯ ದಿನವೇ ಆ ಜಾಗ ಗಟ್ಟಿಯಾಗಿ ಉಬ್ಬಿತು. ನಿಮ್ಮ ತಂಗಿ ರೋಸ್ಮಿಯಾತಿ ನೋಡಿ ಬೆಚ್ಚಿಬಿದ್ದಳು. "ಅತ್ತಿಗೆ, ಸುಮ್ನಿರು. ಉಬ್ಬು ಇಳಿದ ಮೇಲೆ ಹೋಗೋಣ, ತಾರೀಕು ಮರೆತ್ವಿ ಅಂದ್ರಾಯ್ತು. ಇಂಜೆಕ್ಷನ್ನೇ ಕೊಡಲ್ಲ ಅಂದ್ಬಿಟ್ರೆ? ಕೇರಿಗೆ ಗೊತ್ತಾದ್ರೆ ಇವಳ ಪಕ್ಕ ಯಾರು ಕೂರ್ತಾರೆ?" ಎಂದಳು. ನನಗೂ ಅದೇ ಸರಿ ಅನ್ನಿಸಿತು.

ಊಟಕ್ಕೆ ಕೂತಿದ್ದ ತೆನ್ರಿಯೇ ಮಾತಾಡಿದಳು. "ನನ್ನ ಕೈ, ನಾನೇ ತೋರಿಸ್ತೀನಿ. ಒಳಗೆ ಮಲಗಿರೋದು ಎದ್ರೆ ಅತ್ತೆ ಬಂದು ಲಾಲಿ ಹಾಡ್ತಾಳಾ?"

ಹನ್ನೊಂದು ವರ್ಷದ ಹುಡುಗಿ! ಆಸ್ಪತ್ರೆಯಲ್ಲಿ ನರ್ಸ್ ಕೇಳುವ ಮೊದಲೇ ಅಂಗಿಯ ತೋಳು ಮಡಚಿ ಕೈ ಚಾಚಿದಳು. ಉಬ್ಬನ್ನು ಅಳೆದರು, ಎಕ್ಸ್‌ರೇ ತೆಗೆದರು. ಶ್ವಾಸಕೋಶ ಸ್ವಚ್ಛವಾಗಿತ್ತು. ರೋಗವಿಲ್ಲ, ರೋಗಾಣು ಮಾತ್ರ ಮಲಗಿದೆ, ಇವಳಿಂದ ಯಾರಿಗೂ ಹರಡುವುದಿಲ್ಲ ಎಂದರು. ಆದರೆ ವಾರಕ್ಕೊಮ್ಮೆ ಮಾತ್ರೆ, ಮೂರು ತಿಂಗಳು. ಒಂದು ತಿಂಗಳಾದರೂ ಮಾತ್ರೆ ನುಂಗಿದ ಮೇಲೆಯೇ ಇಂಜೆಕ್ಷನ್.

ಆ ತಿಂಗಳು ಹೇಗೆ ಕಳೆಯಿತೆಂದು ಬರೆಯಲಾರೆ. ಬೆಳಿಗ್ಗೆ ಮಂಡಿ ಬಿಡಿಸಲಾಗದೆ ದಿಂಬು ಕಚ್ಚುತ್ತಿದ್ದಳು, ಆದರೆ ಇಂಜೆಕ್ಷನ್ ಬೇಗ ಕೊಡಿಸು ಎಂದು ಒಮ್ಮೆಯೂ ಅನ್ನಲಿಲ್ಲ. ಮಾತ್ರೆಗೆ ಮೂತ್ರ ಕೆಂಪಗಾದಾಗ ನಾನು ಹೆದರಿದರೆ ಅವಳು ನಕ್ಕಳು: "ಅಮ್ಮಾ, ಡಾಕ್ಟರು ಮೊದ್ಲೇ ಹೇಳಿದ್ರಲ್ಲ. ನಾನೀಗ ಕಿತ್ತಳೆ ಷರಬತ್ತಿನ ಅಂಗಡಿ!"

ಈಗ ಮಾತ್ರೆ ಮುಗಿದಿದೆ, ಇಂಜೆಕ್ಷನ್ ನಡೆದಿದೆ. ನಿನ್ನೆ ಕಂಬಗಳ ಮೇಲಿನ ನಮ್ಮ ಮನೆಯ ಕಡಿದಾದ ಮರದ ಏಣಿಯನ್ನು ಯಾರ ಕೈಯೂ ಹಿಡಿಯದೆ ದಡದಡ ಇಳಿದಳು. ಕೆಳಗಿದ್ದ ಕೋಳಿಗಳು ಚೆಲ್ಲಾಪಿಲ್ಲಿ. ಪಕ್ಕದ ಮನೆಯ ಹಜ್ಜಾ, "ಏನೇ ಹಸ್ನಾ, ಮಗಳಿಗೆ ಹೊಸ ಕಾಲು ಹಾಕಿಸಿದ್ಯಾ?" ಎಂದು ಕೂಗಿದರು. ಹಳೇ ಕಾಲೇ ಎಂದೆ.

ಇಂತಿ,
ಹಸ್ನಾವತಿ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಮಗುವಿಗೆ ಇದು ಹತ್ತಿರದವರಿಂದಲೇ ಬಂದಿರಬೇಕೆಂದು ನಮ್ಮೆಲ್ಲರನ್ನೂ ಪರೀಕ್ಷಿಸಿದರು. ಮನೆಯಲ್ಲಿ ಯಾರಿಗೂ ಕ್ಷಯವಿಲ್ಲ. ಈದ್‌ಗೆ ಬಂದಾಗ ಕೆಮ್ಮುತ್ತಿದ್ದವರು ನೀವೊಬ್ಬರೇ. ಈ ಕಾಗದ ಮುಟ್ಟಿದ ದಿನವೇ ಅಲ್ಲಿನ ಆಸ್ಪತ್ರೆಗೆ ಹೋಗಿ. ಇದು ವಾಸಿಯಾಗುವ ಕಾಯಿಲೆ. ತೆನ್ರಿ ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ: "ಅಪ್ಪಂಗೆ ಬೈಬೇಡಮ್ಮ. ಅಲ್ಲಿ ಯಾರೂ ನೋಡ್ಲಿಲ್ಲ ಅಂದ್ರೆ ಮಾಸ್ಕ್ ಹಾಕ್ಕೊಂಡು ಇಲ್ಲಿಗೇ ಬಾ ಅನ್ನು. ನಾನು ಕರ್ಕೊಂಡು ಹೋಗ್ತೀನಿ, ನಂಗೆ ದಾರಿ ಗೊತ್ತು."