ಒಳಗಿನ ಉಪ್ಪು

ಫೆಬ್ರವರಿ 3

ಮತ್ತೆ ಅದೇ ಉತ್ತರ. ಕೋಶ ಬೇರೆ, ಮರಿ ಬೇರೆ, ಉತ್ತರ ಮಾತ್ರ ಅದೇ.

ಇಲಿಮರಿಯ ಮಿದುಳಿನ ಬುಡದಿಂದ ತೆಗೆದ ತೆಳು ಹೋಳು. ಅದರಲ್ಲಿ, ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ಎಂದು ತೂಗಿ ನೋಡುವ ಜೀವಕೋಶಗಳ ಒಂದು ಸಾಲು. ಕೂದಲಿಗಿಂತ ಸಣ್ಣ ತುದಿಯ ಗಾಜಿನ ನಳಿಗೆ, ಪಿಪೆಟ್ಟನ್ನು ಒಂದರ ಮೈಗೆ ತಾಗಿಸಿ ಕೂರುವುದು. ಉಸಿರು ಬಿಗಿಹಿಡಿದು. ಅದರಿಂದ ಏನೂ ಪ್ರಯೋಜನವಿಲ್ಲ ಎಂದು ಗೊತ್ತು, ಆದರೂ ಹಿಡಿಯುತ್ತೇನೆ.

ಕೇಳುವ ಪ್ರಶ್ನೆ ಸರಳ. ಪಕ್ಕದ ಕೋಶ ‘ಸುಮ್ಮನಿರು’ ಎಂದಾಗ ಇದು ಸುಮ್ಮನಾಗುತ್ತದೋ ಇಲ್ಲವೋ. ಹುಟ್ಟಿದ ಹೊಸತರಲ್ಲಿ ಆಗುವುದಿಲ್ಲ, ಬದಲಿಗೆ ಕೆರಳುತ್ತದೆ. ಒಳಗೆ ಉಪ್ಪು ಜಾಸ್ತಿ — ಕ್ಲೋರೈಡ್. ದಿನ ಕಳೆದಂತೆ ಆ ಉಪ್ಪನ್ನು ಹೊರಹಾಕುವ ಪಂಪು ಬಲಿಯುತ್ತದೆ. ಆಮೇಲೆ ಅದೇ ಸಂಕೇತಕ್ಕೆ ಕೋಶ ತಣ್ಣಗಾಗುತ್ತದೆ. ಬೇಡದ ಸದ್ದು ಹಿಂದೆ ಸರಿದು, ಬೇಕಾದ್ದು ಮುಂದೆ ಬರುವುದಕ್ಕೆ ಈ ತಡೆಯೂ ಬೇಕು.

ನನ್ನವು ಕಿವಿಗೆ ಬಿರಡೆ ಇಟ್ಟು ಬೆಳೆಸಿದ ಮರಿಗಳು. ತಡವಾಗಿ ಬಿರಡೆ ತೆಗೆದೆವು. ಸದ್ದು ಬಂತು. ಉಪ್ಪು ಇಳಿದಿಲ್ಲ. ಒಂದರಲ್ಲೂ ಇಳಿದಿಲ್ಲ.

ತಂಗಿಗೆ ಹೇಳಿಲ್ಲ.

ಫೆಬ್ರವರಿ 8, ಭಾನುವಾರ

ತಂಗಿಯ ಮನೆಯಲ್ಲಿ ಊಟ. ಅವಳ ಗಂಡನ ಕಡೆಯವರೆಲ್ಲ ಇದ್ದರು. ಮಿಕ್ಸಿ, ಟಿವಿ, ಪಾತ್ರೆ, ಎರಡು ಜಗಳ.

ತಂಗಿಯ ಮಗಳು ಚೋಟು ಎದ್ದು ಹೋದಳು. ಅವಳು ಹುಟ್ಟಿನಿಂದ ಕಿವುಡಿ. ಸದ್ದು ಕೇಳಿಸುವ ಇಂಪ್ಲಾಂಟ್ ಹಾಕಿಸಿದ್ದು ಹೋದ ವರ್ಷ, ಐದು ತುಂಬುವ ಹೊತ್ತಿಗೆ. ಕಿವಿಯ ಹಿಂದಿನ ಬಿಲ್ಲೆಯಲ್ಲಿ ಅಯಸ್ಕಾಂತವಿದೆ. ಅದನ್ನು ಕಿತ್ತು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಹಾಯಾಗಿ ಬಂದು ಕೂತು ಉಂಡಳು. ಅವಳ ಪಾಲಿಗೆ ಮನೆ ಖಾಲಿ.

ಕೈ ತೊಳೆಯುವಾಗ ತಂಗಿ ಹಿಡಿದುಕೊಂಡಳು.

“ಅಣ್ಣ, ಈ ತಿಂಗಳ ಕೊನೆಗೆ ಹೇಳ್ಬೇಕು. ಮಾಮೂಲಿ ಶಾಲೆಯೋ, ಕಿವುಡು ಮಕ್ಕಳ ಶಾಲೆಯೋ.”

“ಡಾಕ್ಟರು ಏನಂತಾರೆ?”

“ಪ್ರಯತ್ನ ಮಾಡಿ ಅಂತಾರೆ. ಇವರು ಬೇಡ ಅಂತಾರೆ. ಮಾಮೂಲಿ ಕ್ಲಾಸಲ್ಲಿ ನಲವತ್ತು ಮಕ್ಕಳ ಗಲಾಟೆ. ಅವಳನ್ನ ಕೇಳಿದ್ರೆ, ಎಲ್ಲಾ ಒಟ್ಟಿಗೆ ಬಂದು ಬೀಳತ್ತೆ ಅಂತಾಳೆ. ನೀನು ಇದನ್ನೇ ಅಲ್ವಾ ಓದೋದು? ಅದು ಆಮೇಲೆ ಸರಿಹೋಗತ್ತಾ?”

“ನೋಡ್ತಿದೀನಿ” ಎಂದೆ. ನಲ್ಲಿ ನಿಲ್ಲಿಸುವುದನ್ನು ಮರೆತಿದ್ದೆ. ಅವಳೇ ನಿಲ್ಲಿಸಿದಳು.

ಹೊರಡುವಾಗ ಚೋಟು ಬಾಗಿಲಲ್ಲಿ ಕೈ ಬೀಸಿದಳು. ನಾನು ಚಪ್ಪಲಿ ಹುಡುಕುತ್ತಿದ್ದೆ… ಚಪ್ಪಲಿ ಕಾಲಲ್ಲೇ ಇತ್ತು.

ಫೆಬ್ರವರಿ 12

ಎದುರು ಕೋಣೆಯ ಗಡ್ಡ ಬಂದ. ನಾವು ಒಟ್ಟಿಗೆ ಕೆಲಸಕ್ಕೆ ಸೇರಿದವರು. ಅಂದಿನಿಂದ ಅವನು ನನ್ನ ಒಂದು ಗ್ರಾಫನ್ನೂ ಸುಮ್ಮನೆ ಬಿಟ್ಟವನಲ್ಲ. ಪರದೆಯ ಮುಂದೆ ಬಗ್ಗಿ ನಿಂತ.

“ಚೆನ್ನಾಗಿದೆ. ತೀರಾ ಚೆನ್ನಾಗಿದೆ.”

“ಅದೇನು, ಹೊಗಳಿಕೆಯಾ ಬೈಗುಳವಾ?”

“ಅಲ್ಲಯ್ಯಾ, ಬೇರೆ ಮರಿಗಳ ಕೋಶ ನೋಡು, ಒಂದರಲ್ಲಿ ಜಾಸ್ತಿ, ಒಂದರಲ್ಲಿ ಕಡಿಮೆ. ಬಿರಡೆ ತೆಗೆದ ಮರಿಗಳಲ್ಲಿ ಮಾತ್ರ ಎಲ್ಲದರಲ್ಲೂ ಒಂದೇ ಅಳತೆ ಉಪ್ಪು. ಹತ್ತು ಮನೆ ಅಡುಗೇಲಿ ಒಂದೇ ಉಪ್ಪು ಇದ್ರೆ ಏನರ್ಥ? ಅಡುಗೆಯವನು ಒಬ್ಬನೇ ಅಂತ.”

“ಯಾರಪ್ಪಾ ಅವನು?”

“ಇಲ್ಲಿ ಪಿಪೆಟ್ ಹಿಡಿದಿರೋದು ಯಾರು?”

ನಗುತ್ತ ಹೋದ. ನನಗೆ ಮೈಯೆಲ್ಲ ಉರಿ. ಊಟ ಮಾಡಲಿಲ್ಲ.

ಈಗ ಸಂಜೆ. ಉರಿ ಇಳಿದಿದೆ. ಅವನು ಹೇಳಿದ್ದು ಹಾಗೇ ಉಳಿದಿದೆ.

ಫೆಬ್ರವರಿ 19

ಪಿಪೆಟ್ಟಿನ ದ್ರವಕ್ಕೆ ಹಸಿರು ಬಣ್ಣ ಬೆರೆಸಿದೆ.

ನಮ್ಮ ವಿಧಾನದ ಜೀವಾಳವೇ ಕೋಶದ ಪೊರೆಯನ್ನು ಹರಿಯದಿರುವುದು. ಪಿಪೆಟ್ಟಿನಲ್ಲಿ ಒಂದು ಔಷಧಿ ಇರುತ್ತದೆ. ಅದು ಪೊರೆಯಲ್ಲಿ ಬಲು ಸಣ್ಣ ತೂತು ಮಾಡುತ್ತದೆ. ವಿದ್ಯುತ್ತು ದಾಟುತ್ತದೆ, ಕ್ಲೋರೈಡ್ ದಾಟುವುದಿಲ್ಲ. ಕೋಶದ ಉಪ್ಪು ಕೋಶಕ್ಕೇ. ಪೊರೆ ಹರಿದರೆ ನನ್ನ ದ್ರವ, ಈಗ ಅದರ ಬಣ್ಣವೂ, ಒಳನುಗ್ಗುತ್ತದೆ. ಆಮೇಲೆ ನಾನು ಅಳೆಯುವುದು ನಾನೇ ಸುರಿದದ್ದನ್ನು.

ಮಧ್ಯಾಹ್ನ, ಬಿರಡೆ ತೆಗೆದ ಮರಿಯ ಹೋಳು. ಎಂದಿನಂತೆ ತಾಗಿಸಿದೆ. ಎಂದಿನಂತೆ ಪಿಪೆಟ್ಟಿನ ಹಿಂದಿನ ಕೊಳವೆಯನ್ನು ಬಾಯಲ್ಲಿ ಸ್ವಲ್ಪ ಹೀರಿದೆ. ಕೋಶ ಬೆಳಗಿತು. ಮೈ, ಕೈಕಾಲಿನಂಥ ಕವಲುಗಳು, ತುದಿಯವರೆಗೂ ಹಸಿರು. ಇಷ್ಟು ಚಂದದ ಚಿತ್ರ ಈ ವರ್ಷ ನೋಡಿರಲಿಲ್ಲ.

ಇನ್ನೊಂದು. ಅದೂ ಬೆಳಗಿತು.

ಕುರ್ಚಿಯಲ್ಲಿ ಒರಗಿ ಯೋಚಿಸಿದೆ. ಬೆಳಿಗ್ಗೆ ಮಾಮೂಲಿ ಮರಿಗಳು, ಮಧ್ಯಾಹ್ನ ಬಿರಡೆಯವು — ಯಾವಾಗಲೂ ಹಾಗೇ. ಯಾಕೆ? ರೂಢಿ. ಔಷಧಿ ಕಲಸುವುದು ಬೆಳಿಗ್ಗೆ ಒಂದೇ ಸಲ. ಮಧ್ಯಾಹ್ನಕ್ಕೆ ಅದರ ಬಲ ಇಳಿದಿರುತ್ತದೆ. ತೂತಾಗಲು ತಡವಾಗುತ್ತದೆ, ನಾನು ಬೇಸರದಲ್ಲಿ ಹೀರುತ್ತೇನೆ, ಪೊರೆ ಸದ್ದಿಲ್ಲದೆ ಹರಿಯುತ್ತದೆ.

ಆ ಗ್ರಾಫಿನಲ್ಲಿ ಇದ್ದದ್ದು ಕಿವುಡಲ್ಲ. ನನ್ನ ಮಧ್ಯಾಹ್ನ.

ನಾಚಿಕೆಯಾಗಬೇಕಿತ್ತು. ಆಗಿದ್ದು ಹಸಿವು. ಕ್ಯಾಂಟೀನಿಗೆ ಹೋಗಿ ಎರಡು ಸಲ ಹಾಕಿಸಿಕೊಂಡೆ.

ಫೆಬ್ರವರಿ 26

ಇಡೀ ವಾರ ಸರದಿ ತಿರುವುಮುರುವು ಮಾಡಿದೆ. ಬಿರಡೆಯವು ಬೆಳಿಗ್ಗೆ, ಹೊಸದಾಗಿ ಕಲಸಿದ ಔಷಧಿ, ಹಸಿರು ಕಂಡರೆ ಆ ಕೋಶ ಲೆಕ್ಕಕ್ಕಿಲ್ಲ.

ಉಪ್ಪು ಇಳಿಯುತ್ತದೆ. ತಡವಾಗಿ, ನಿಧಾನವಾಗಿ, ಸಮನಾಗಿಯಲ್ಲ. ಕೆಲವು ಕೋಶ ಇನ್ನೂ ಮಗುವೇ. ಕೆಲವು ‘ಸುಮ್ಮನಿರು’ ಎಂದರೆ ಸುಮ್ಮನಾಗುತ್ತವೆ. ಮೊದಲನೆಯದು ಸುಮ್ಮನಾದಾಗ ಪರದೆಯ ಗೆರೆ ಕೆಳಕ್ಕೆ ಬಾಗಿತು, ಅಷ್ಟೇ. ಹೊರಗಿನವರು ನೋಡಿದರೆ ಏನೂ ಆಗಿಲ್ಲ ಎನ್ನುತ್ತಾರೆ. ನಾನು ಆ ಇಲಿಗೆ ಮನಸ್ಸಿನಲ್ಲೇ ಕೈಮುಗಿದೆ. ಹೀಗೆ ಮಾಡಿದ್ದು ಇದೇ ಮೊದಲು. ಇಷ್ಟು ಇಲಿಗಳಾದ ಮೇಲೆ.

ಗಡ್ಡನ ಕೋಣೆಗೆ ಹೋದೆ.

“ನೀನು ಹೇಳಿದ್ದು ಸರಿ.”

“ಯಾವುದು?”

“ಅಡುಗೆಯವನು.”

“ಓ, ಅದಾ! ಸುಮ್ಮನೆ ಕಾಲೆಳೆದಿದ್ದೆ ಕಣೋ.” ಗಡ್ಡ ಕೆರೆದುಕೊಂಡ. ಅವನಿಗೆ ನಿಜಕ್ಕೂ ಮುಜುಗರವಾಗಿತ್ತು. “ಅಚ್ಚಿಗೆ ಹೋಗಿರ್ಲಿಲ್ಲ ತಾನೇ?”

“ಇಲ್ಲ.”

“ಬದುಕಿದೆ ಬಿಡು.”

ಥ್ಯಾಂಕ್ಸ್ ಎಂದು ಹೇಳಿ ಬಂದೆ. ಇನ್ನೂ ಏನೋ ಹೇಳಬೇಕಿತ್ತು. ಅವನಿಗೆ ಚೋಟುವಿನ ವಿಷಯ ಗೊತ್ತಿಲ್ಲ.

ಫೆಬ್ರವರಿ 27

ಸಂಜೆ ತಂಗಿಯ ಅಡುಗೆಮನೆ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ.

“ನನ್ನ ಇಲಿಗಳಲ್ಲಿ ಕೆಲವು ಕೋಶ ಸರಿಹೋಗ್ತಿವೆ. ತಡವಾಗಿ. ಎಲ್ಲವೂ ಅಲ್ಲ. ಇದರಿಂದ ಚೋಟು ಬಗ್ಗೆ ನಾನು ಏನೂ ಹೇಳಕ್ಕಾಗಲ್ಲ. ನನ್ನ ಮಾತು ನಂಬ್ಕೊಂಡು ಸೇರಿಸ್ಬೇಡ, ನಂಬ್ಕೊಂಡು ಬಿಡ್ಲೂ ಬೇಡ.”

ಅವಳು ತಟ್ಟೆ ಒರೆಸುತ್ತಿದ್ದಳು.

“ನಿನ್ನ ಇಲಿ ಕೇಳ್ಕೊಂಡು ಮಗಳನ್ನ ಶಾಲೆಗೆ ಸೇರಿಸ್ತೀನಾ? ನಾನು ನೋಡ್ತಿದ್ದಿದ್ದು ನಿನ್ನನ್ನ. ಎಷ್ಟು ದಿನ ಆಯ್ತು ನೀನು ಅವಳ ಮುಖ ನೋಡಿ! ಅಣ್ಣಂಗೆ ಏನೋ ಗೊತ್ತಾಗಿದೆ, ಹೇಳ್ತಿಲ್ಲ ಅಂದ್ಕೊಂಡೆ. ಇವರ ಹತ್ರ ಮಾಮೂಲಿ ಶಾಲೆ ಬೇಡ ಬಿಡಿ ಅಂತಾನೂ ಅಂದೆ.”

ಒಂದು ತಟ್ಟೆ ತೆಗೆದುಕೊಂಡು ನಾನೂ ಒರೆಸಿದೆ. ಅದು ಒರೆಸಿಟ್ಟ ತಟ್ಟೆ.

“ಗೊತ್ತಾಗಿದೆ ಅಂತ ನಾನೂ ಅಂದ್ಕೊಂಡಿದ್ದೆ” ಎಂದೆ. “ತಪ್ಪಾಗಿತ್ತು.”

“ತಪ್ಪಾ? ನಿಂದಾ?”

“ನಂದೇ.”

“ದೇವರು ದೊಡ್ಡವನು” ಎಂದು ನಕ್ಕಳು. ನಗುತ್ತಾ ನಗುತ್ತಾ ಸೆರಗು ಕಣ್ಣಿಗೆ ಹೋಯಿತು. ಒಳಗಿನಿಂದ ಅವಳ ಗಂಡ, “ಏನ್ರೀ ಅಣ್ಣತಂಗೀರು, ಪಾತ್ರೆ ತೊಳೆಯೋದರಲ್ಲಿ ಅಷ್ಟೇನು ಮಜಾ?” ಎಂದ.

ಚೋಟು ಬಂದು ಕಾಲಿಗೆ ಜೋತುಬಿದ್ದಳು. ಎತ್ತಿಕೊಂಡೆ. ಭಾರ. ಇಷ್ಟು ಬೆಳೆದದ್ದು ಯಾವಾಗ?

ಮಾರ್ಚ್ 1

ತಂಗಿ ನಿನ್ನೆ ಮಾಮೂಲಿ ಶಾಲೆಗೆ ಒಪ್ಪಿಗೆ ಹೇಳಿದಳಂತೆ. ಹೆಡ್‌ಮಿಸ್ ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ — ಮೊದಲು ಒಂದು ವಾರ ಕೂರಲಿ, ಆಗದಿದ್ದರೆ ನೀವೇ ಕರೆದುಕೊಂಡು ಹೋಗಿ.

ಮಾರ್ಚ್ 13, ಶುಕ್ರವಾರ

ಬರೆಯಲಿಲ್ಲ ಇಷ್ಟು ದಿನ. ಬರೆದರೆ ಏನೋ ಕೆಡುತ್ತದೆ ಎಂಬಂತೆ. ಈ ವಯಸ್ಸಿನಲ್ಲಿ, ಈ ಕಸುಬಿನಲ್ಲಿ.

ಕ್ಲಾಸಿನ ಮೊದಲ ದಿನ, ಸೋಮವಾರ, ಚೋಟು ಅತ್ತಳಂತೆ. ಮಂಗಳವಾರ ಮೇಜಿನ ಮೇಲೆ ತಲೆಯಿಟ್ಟು ಮಲಗಿದಳಂತೆ. ಬುಧವಾರ ಏನೂ ಹೇಳಲಿಲ್ಲ. ನಿನ್ನೆಯೂ ಇಲ್ಲ. ಇಂದು ಕೊನೆಯ ದಿನ. ಕರೆತರಲು ನಾನೇ ಹೋದೆ.

ಗೇಟಿನಲ್ಲಿ ಮಕ್ಕಳ ಪ್ರವಾಹ. ಅವಳು ಮುಖ ಊದಿಸಿಕೊಂಡು ಬಂದಳು. ಬ್ಯಾಗು ನನ್ನ ಕೈಗೆ ತುರುಕಿದಳು.

“ಮಾಮ, ನನ್ನ ಜಾಗ ಬದಲಾಯಿಸಕ್ಕೆ ಹೇಳು.”

“ಯಾಕೆ? ಗಲಾಟೆನಾ?”

“ಗಲಾಟೆ ಅಲ್ಲ. ಪಕ್ಕದವಳು. ಎರಡು ಜಡೆಯವಳು. ಮಿಸ್ ಪಾಠ ಮಾಡ್ತಿದ್ರೂ ಮಾತಾಡ್ತಾಳೆ, ಹಿಂದಿನವರೆಲ್ಲ ಕೂಗ್ತಿದ್ರೂ ಮಾತಾಡ್ತಾಳೆ. ತಲೆ ತಿಂತಾಳೆ!”

ಅಲ್ಲೇ ಕಟ್ಟೆಯ ಮೇಲೆ ಕೂತೆ.

“ಅಷ್ಟು ಗಲಾಟೇಲೂ ಅವಳ ಮಾತು ಕೇಳಿಸ್ತಾ? ಏನು ಮಾತಾಡ್ತಾಳೆ?”

“ಬೇಡದ್ದೆಲ್ಲ” ಎಂದು ಶುರು ಮಾಡಿದಳು. ತಂಗಿಗೆ ಫೋನು ಮಾಡಿ, ಆ ಕಡೆ ಎತ್ತಿದ ಮೇಲೆ ಒಂದು ಮಾತೂ ಆಡದೆ ಫೋನನ್ನು ಚೋಟುವಿನ ಬಾಯಿಯ ಹತ್ತಿರ ಹಿಡಿದೆ. ನೆನಪಿರುವಷ್ಟನ್ನು ಬರೆದಿಡುತ್ತೇನೆ. ಎರಡು ಜಡೆಯವಳ ಮನೆಯ ಬೆಕ್ಕು ಅಲಮಾರಿನಲ್ಲಿ ಮರಿ ಹಾಕಿದೆ. ಅಜ್ಜಿಗೆ ಇನ್ನೂ ಹೇಳಿಲ್ಲ. ಒಂದು ಕರಿಯದು, ಒಂದು ಬಿಳಿಯದು. ಮೂರನೆಯದಕ್ಕೆ ಕಣ್ಣು ಇನ್ನೂ ಬಿಟ್ಟಿಲ್ಲ, ಆದರೂ ಅದು ಎಲ್ಲರಿಗಿಂತ ಮೊದಲು ಹಾಲಿಗೆ… ಅವಳ ಅಪ್ಪ ಬೂಟು ತೆಗೆಯಲು ಅಲಮಾರಿನ ಬಾಗಿಲು ತೆರೆದಾಗ…