ದೆ ಲಾ ಓ ನಡುವಿನ ಖಾಲಿ ಜಾಗ

ಮಾರ್ಚ್ 11, ಸಾಂತಾ ಆನಾ

ಡಯಾಲಿಸಿಸ್ ಕೇಂದ್ರದ ರೋಗಿಗಳ ಪಟ್ಟಿ ನಡೆಸುವ ಜಾವಾಸ್ಕ್ರಿಪ್ಟ್ ಪ್ರೋಗ್ರಾಂನಲ್ಲಿ ಮನೆತನದ ಹೆಸರಿನ ಹಿಂದೆ ಮುಂದೆ ಉಳಿಯುವ ಖಾಲಿ ಜಾಗ ಅಳಿಸಲು ನಿನ್ನೆ ನಾನೇ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಅಕ್ಷರ ಹುಡುಕುವ ಸೂತ್ರ, ಬರೆದೆ. ಮೊದಲನ್ನು ತೋರಿಸುವ ^, ಕೊನೆಯನ್ನು ತೋರಿಸುವ $ ಹಾಕುವುದನ್ನೇ ಮರೆತೆ. ಅದು ನಡುವಿನ ಜಾಗವನ್ನೂ ಅಳಿಸಿತು. ರಿವಾಸ್‌ನಂಥ ಒಂದೇ ಪದದ ಹೆಸರುಗಳಿಗೆ ಏನೂ ಆಗಲಿಲ್ಲ. ಅಲ್ಲಿಗೆ ಡಯಾಲಿಸಿಸ್‌ಗೆ ಬರುವ ಎದುವಿಹೆಸ್ ದೆ ಲಾ ಓ ಮಾತ್ರ ‘ದೆಲಾಓ’ ಆದರು; ಅಂಥವರು ಪಟ್ಟಿಯಲ್ಲೇ ಇಲ್ಲವೆಂದು ಇವತ್ತು ಡಯಾಲಿಸಿಸ್ ಮಾಡದೆ ವಾಪಸ್ ಕಳಿಸಿದರಂತೆ.

ಸಂಜೆ ಫೋನಿನಲ್ಲಿ ಆಕೆಯೇ ನಕ್ಕರು: "ಅಲ್ಲಯ್ಯಾ, ನಮ್ಮಪ್ಪ ಕೊಟ್ಟಿದ್ದು ಅದೊಂದೇ ಹೆಸರು, ಅದನ್ನೂ ಒಂದೇ ಗುಟುಕಿಗೆ ನುಂಗಿಬಿಟ್ಯಾ? ಕಾಲು ಊದ್ಕೊಂಡಿದೆ. ನಾಳೆಯಾದ್ರೂ ನಾನು ಇರ್ತೀನಾ, ನಿನ್ನ ಪಟ್ಟೀಲಿ?"

ಗುರುತು ಎರಡನ್ನೂ ಹಾಕಿದೆ. ಆ ಹೆಸರನ್ನೇ ಮತ್ತೆ ಮತ್ತೆ ಹೊಡೆದು ನೋಡಿದೆ. ಪ್ರತಿ ಸಲವೂ ಸಿಗುತ್ತಾರೆ. ಫೋನಿಗೆ ಮಾತ್ರ ಸಿಗುತ್ತಿಲ್ಲ. ಮಲಗಿರಬೇಕು. ಮಲಗಿಯೇ ಇರಲಿ…